ಕಾನೂನು ಕಾಲೇಜು: ಈಗಲೇ ಸೇರಿಸುವುದೋ, ಒಂದು ವರ್ಷ ಕಾಯುವುದೋ?

ಹೆತ್ತವರೇ,

ಹನ್ನೆರಡನೆಯ ತರಗತಿ ಮುಗಿಸಿದ ನಿಮ್ಮ ಮಗಳು ವಕೀಲಿ ಓದುತ್ತೇನೆಂದು ಹಟ ಹಿಡಿದಿದ್ದಾಳೆ ಎಂದಿಟ್ಟುಕೊಳ್ಳಿ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ನಡೆಯುವ ಕ್ಲಾಟ್ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕು ಬಂದಿಲ್ಲ. ಹತ್ತಿರದ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿದೆ. "ಈ ವರ್ಷ ಬಿಟ್ಟು ಮತ್ತೆ ಬರೆಯಲೇ?" ಎಂದು ಕೇಳುತ್ತಾಳೆ. ಏನು ಹೇಳುತ್ತೀರಿ?

ಸೀಟು ಕೈಯಲ್ಲಿದ್ದರೆ ಸೇರಿಸಿ ಎಂಬುದೇ ನನ್ನ ಅಭಿಪ್ರಾಯ.

ಅಂಕ ಎಲ್ಲಿ ಹೋಯಿತು ಎಂಬುದನ್ನು ಮೊದಲು ನೋಡಬೇಕು. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಉದ್ದುದ್ದ ಗದ್ಯಭಾಗಗಳನ್ನು ಓದಿ ಉತ್ತರಿಸಬೇಕು. ಕನ್ನಡ ಶಾಲೆಯಿಂದ ಬಂದ ಮಗುವಿಗೆ ಅಲ್ಲಿ ಸಾಲದೆ ಹೋಗುವುದು ಬುದ್ಧಿಯಲ್ಲ, ಸಮಯ. ಪದವಿಯ ನಂತರದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಳಗೆ ಬರುವ ಬಾಗಿಲು ಮಾತ್ರ ಇಂಗ್ಲಿಷಿನದು! ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಕರ್ನಾಟಕದೊಳಗೆ ಹತ್ತು ವರ್ಷ ಓದಿರಬೇಕು. ಗಡಿಯಾಚೆ ಕನ್ನಡದಲ್ಲೇ ಓದಿದ ನಮ್ಮ ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಪ್ರಶ್ನಿಸಲೇಬೇಕು. ಆದರೆ ಆ ಹೋರಾಟ ಮುಗಿಯುವ ತನಕ ಮಗುವಿನ ವರ್ಷವನ್ನು ತಡೆದಿಡಲಾಗದು.

ಇಂಗ್ಲಿಷ್ ಓದಿನ ವೇಗ ದಿನವೂ ಓದಿದರೆ ಬರುತ್ತದೆ. ಅದನ್ನು ಮನೆಯಲ್ಲಿ ಕುಳಿತೇ ಪಡೆಯಬೇಕೆಂದಿಲ್ಲ. ಕಾನೂನು ಕಾಲೇಜಿನ ಮೊದಲ ವರ್ಷದಲ್ಲಿ ಪಠ್ಯವೇ ಓದಿಸುತ್ತದೆ. ಈಗ ಕ್ಲಾಟ್ ಡಿಸೆಂಬರಿನಲ್ಲಿ ನಡೆಯುವುದರಿಂದ ಕಾಲೇಜಿಗೆ ಹೋಗುತ್ತಲೇ ಮತ್ತೊಮ್ಮೆ ಬರೆಯಬಹುದು. ಸೀಟು ಸಿಕ್ಕರೆ ಮೊದಲ ವರ್ಷದಿಂದಲೇ ಆರಂಭಿಸಬೇಕು, ಕಟ್ಟಿದ ಶುಲ್ಕ ಹೋಗುತ್ತದೆ. ಸಿಗದಿದ್ದರೆ ವರ್ಷವಂತೂ ಉಳಿಯಿತು. ಶೇ. 70 ಹಾಜರಿಯ ನಿಯಮವಿರುವುದರಿಂದ ಎರಡನ್ನೂ ನಿಭಾಯಿಸುವುದು ಸುಲಭವಲ್ಲ, ನಿಜ.

ಕ್ಲಾಟ್ ಒಂದೇ ದಾರಿಯೂ ಅಲ್ಲ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಇಂಗ್ಲಿಷ್ ಮತ್ತು ಮರಾಠಿಯಲ್ಲಿದೆ. ಸೊಲ್ಲಾಪುರ, ಜತ್ತದ ಮಕ್ಕಳಿಗೆ ಮರಾಠಿ ಹೊಸತಲ್ಲ. ಆಂಧ್ರ, ತೆಲಂಗಾಣದಲ್ಲಿ ಇಂಗ್ಲಿಷ್ ಜೊತೆ ತೆಲುಗು. ತಮಿಳುನಾಡಿನಲ್ಲಿ ಪ್ಲಸ್ ಟು ಅಂಕದ ಮೇಲೆಯೇ ಪ್ರವೇಶ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. "ಒಂದು ವರ್ಷ ಮನೆಯಲ್ಲಿದ್ದು ಓದಲಿ" ಎಂದ ಮನೆಗೇ ವರನ ಕಡೆಯವರು ಬರುತ್ತಾರೆ. ಇದು ನಮಗೆಲ್ಲ ಗೊತ್ತಿರುವ ಸಂಗತಿ.

ಈ ಮಕ್ಕಳು ನಮಗೇಕೆ ಬೇಕು? ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದಕ್ಕೂ ಹಿಂದಿನ ಕನ್ನಡದ ಜಮೀನು ಪತ್ರಗಳು ಇಂದಿಗೂ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಅವನ್ನು ಓದಿ ನ್ಯಾಯಾಲಯದಲ್ಲಿ ವಾದಿಸಬಲ್ಲವರು, ಭಾಷಾ ಅಲ್ಪಸಂಖ್ಯಾತರ ಹಕ್ಕಿನ 350ಎ ವಿಧಿಯನ್ನು ಹಿಡಿದು ಕೇಳಬಲ್ಲವರು, ನಮ್ಮ ಶಾಲೆಗಳಿಂದಲೇ ಬರಬೇಕು. ಅದಕ್ಕೆ ದೊಡ್ಡ ಹೆಸರಿನ ಕಾಲೇಜೇ ಆಗಬೇಕೆಂದಿಲ್ಲ.

ಕಾಯುವುದೇ ಸರಿ ಎನ್ನುವ ಸಂದರ್ಭವೂ ಒಂದಿದೆ. ಸಿಕ್ಕಿದ ಸೀಟು ಪಾಠವೇ ಸರಿಯಾಗಿ ನಡೆಯದ ಖಾಸಗಿ ಕಾಲೇಜಿನದಾಗಿದ್ದು, ಅದಕ್ಕೆ ತೋಟ ಅಡವಿಡಬೇಕಾದರೆ ಬೇಡ. ಉಳಿದವರು ಶುಲ್ಕ ಕಟ್ಟುವ ಮುನ್ನ ಕಚೇರಿಯಲ್ಲಿ ಎರಡು ಪ್ರಶ್ನೆ ಕೇಳಿ: ನಡುವೆ ಬಿಟ್ಟರೆ ಮೂಲ ಅಂಕಪಟ್ಟಿ ವಾಪಸು ಕೊಡುತ್ತೀರಾ? ಮುಂದಿನ ವರ್ಷಗಳ ಶುಲ್ಕ ಕೇಳುತ್ತೀರಾ? ಉತ್ತರವನ್ನು ಬರಹದಲ್ಲಿ ಪಡೆಯಿರಿ.