ಚೆನ್ನಾಗೇ ಇದ್ದೀರಲ್ಲಮ್ಮ!

ಈ ವಾರ ನನ್ನ ತಲೆ ಕೆಡಿಸಿದ್ದು ಇದೊಂದೇ ಮಾತು. ಹೇಳಿದವರು ಸರ್ಕಾರಿ ಆಸ್ಪತ್ರೆಯೊಂದರ ಮೇಜಿನಾಚೆ ಕೂತವರು. ಹೇಳಿಸಿಕೊಂಡವಳು ಬಾಗಲಗುಂಟೆಯಲ್ಲಿ ನಮ್ಮ ಹಿಂದಿನ ಬೀದಿಯ ಹೆಣ್ಣುಮಗಳು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಷರ್ಟಿನ ಕಾಲರ್ ಹೊಲಿಯುತ್ತಿದ್ದಳು. ಸಂಧಿವಾತ ಹಿಡಿದ ಮೇಲೆ ಟಾರ್ಗೆಟ್ ಮುಟ್ಟಲಾಗದೆ ಕೆಲಸ ಬಿಟ್ಟಿದ್ದಾಳೆ. ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೀನಿ, ಡಾಕ್ಟ್ರ ಮುಂದೆ ಮಾತಾಡೋಕೆ ಬಾಯಿ ಬರಲ್ಲ, ಜೊತೆಗೆ ಬನ್ನಿ ಅಕ್ಕಾ ಎಂದಳು. ಹೋಗಿದ್ದೆ.

ಸಂಧಿವಾತವೆಂದರೆ ಮುದುಕರ ಮಂಡಿನೋವು ಅಂದುಕೊಂಡವರೇ ಹೆಚ್ಚು. ಇದು ಅದಲ್ಲ. ವೈದ್ಯರ ಬಾಯಲ್ಲಿ ಇದು ರುಮಟಾಯ್ಡ್ ಆರ್ಥ್ರೈಟಿಸ್, ರೋಗಿಗಳ ಬಾಯಲ್ಲಿ ಬರೀ ಆರ್‌ಎ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅದರ ಅಟ್ಟಹಾಸವೆಲ್ಲ ಬೆಳಗಿನ ಹೊತ್ತು. ಎದ್ದ ಕೂಡಲೇ ಬೆರಳು ಮಡಚಲು ಬರುವುದಿಲ್ಲ. ಇವಳು ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾಳೆ. ಮಗಳ ಜಡೆ ಹಾಕುವುದು ಎದುರುಮನೆಯವರು. ಬಿಸಿನೀರಿನಲ್ಲಿ ಕೈ ಅದ್ದಿ, ಮಾತ್ರೆ ನುಂಗಿ ಕಾದರೆ ಒಂಬತ್ತೂವರೆ ಹತ್ತರ ಹೊತ್ತಿಗೆ ಬೆರಳು ಸಡಿಲವಾಗುತ್ತವೆ. ಸರ್ಕಾರಿ ಕಚೇರಿ ಬಾಗಿಲು ತೆಗೆಯುವುದೂ ಆಗಲೇ. ಅವಳ ಸರದಿ ಬರುವಷ್ಟರಲ್ಲಿ ಹನ್ನೊಂದು ದಾಟಿತ್ತು. ಇಡೀ ದಿನದಲ್ಲಿ ಅವಳ ಕೈ ಅತಿ ಚೆನ್ನಾಗಿರುವ ಗಂಟೆ ಅದು.

ಅಳತೆ ಶುರುವಾಯಿತು. ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಮುಟ್ಟಿಸಿ. ಮುಟ್ಟಿಸಿದಳು. ಕೀಲಿಕೈ ಹಿಡಿಯಿರಿ. ಹಿಡಿದಳು. ಚೀಲ ಎತ್ತಿ. ಹಲ್ಲು ಕಚ್ಚಿ ಎತ್ತಿದಳು. ಇವು ಆ ವೈದ್ಯರು ಹುಟ್ಟುಹಾಕಿದ್ದಲ್ಲ, ಕೇಂದ್ರದ ಮಾರ್ಗಸೂಚಿಯೇ ಕೈಯ ಹಿಡಿತವನ್ನು ಹೀಗೆ ಪರೀಕ್ಷಿಸು ಎನ್ನುತ್ತದೆ. ಕೀಲು ಎಷ್ಟು ಡಿಗ್ರಿ ಬಾಗುತ್ತದೆ, ಹಿಡಿತದಲ್ಲಿ ಬಲ ಎಷ್ಟಿದೆ, ಕೂಡಿ ಕಳೆದು ಶೇಕಡಾವಾರು ಹಾಕು. ಒಮ್ಮೆ ಎತ್ತಿದ ಚೀಲವನ್ನು ಸಂಜೆಯವರೆಗೆ ಎಷ್ಟು ಸಲ ಎತ್ತಬಲ್ಲೆ ಎಂದು ಕೇಳುವವರಿಲ್ಲ. ಮಧ್ಯಾಹ್ನ ಮೂರಕ್ಕೆ ಮೈಯೆಲ್ಲ ಸೋತು ಮಲಗುವ ಸುಸ್ತಿಗೆ ಅಲ್ಲಿ ಅಂಕವಿಲ್ಲ. ಕೊನೆಗೆ ಬಂದ ತೀರ್ಪು: ಪಿಂಚಣಿಗೆ ಬೇಕಾದ ಶೇ 40 ಮುಟ್ಟುವುದಿಲ್ಲ. ಜೊತೆಗೊಂದು ಸಲಹೆ, ಬಹಳ ಸೌಮ್ಯವಾಗಿ: 'ಕೈ ಇನ್ನೂ ಸೊಟ್ಟಗಾಗಿಲ್ಲಮ್ಮ, ಒಂದೆರಡು ವರ್ಷ ಬಿಟ್ಟು ಬನ್ನಿ.'

ಇದನ್ನು ಓದುವಾಗ ಇನ್ನೊಂದು ವಿಷಯ ತಲೆಯಲ್ಲಿರಲಿ. ಅವಳ ಕೈ ಸೊಟ್ಟಗಾಗದಿರುವುದಕ್ಕೆ ಕಾರಣ ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್. ನುಂಗಿದ ಮರುದಿನವೆಲ್ಲ ಹೊಟ್ಟೆ ತೊಳಸು, ಊಟ ಸೇರುವುದಿಲ್ಲ, ಆಗಾಗ ಲಿವರ್ ಪರೀಕ್ಷೆಗೆ ರಕ್ತ ಕೊಡಬೇಕು. ಕೀಲು ಹಾಳಾಗದಂತೆ ತಡೆಯುವುದೇ ಆ ಔಷಧದ ಕೆಲಸ. ಅಂದರೆ, ಗಂಡನ ಆಟೋ ದುಡಿಮೆಯಲ್ಲಿ ಉಳಿಸಿ ಮಾತ್ರೆ ನುಂಗಿದವಳಿಗೆ ಪಿಂಚಣಿ ಇಲ್ಲ. ಯಾವುದೋ ನಾಟಿ ಎಣ್ಣೆ ಹಚ್ಚಿಕೊಂಡು, ಚಿಕಿತ್ಸೆಗೆ ಹೋಗದೆ, ಬೆರಳು ತಿರುಚಿಕೊಂಡ ಮೇಲೆ ಬಂದಿದ್ದರೆ ಸಿಗುತ್ತಿತ್ತು. ಹಿಂದಿನ ದಿನವೇ ಗಾರ್ಮೆಂಟ್ಸ್ ಗೆಳತಿಯರು ಹೇಳಿದ್ದರಂತೆ, 'ಒಂದ್ವಾರ ಮಾತ್ರೆ ನಿಲ್ಸೇ, ಕೈ ಊದ್ಕೊಳ್ಳಲಿ, ಆಮೇಲೆ ಹೋಗು.' ಅವಳು ತೆಗೆದುಕೊಳ್ಳುವುದರಲ್ಲಿ ಸ್ಟೀರಾಯ್ಡ್ ಕೂಡ ಇದೆ, ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ. ಆದರೂ ಆ ಗೆಳತಿಯರನ್ನು ದಡ್ಡಿಯರು ಎನ್ನಲಾರೆ. ಈ ಪದ್ಧತಿ ಹೇಗೆ ನಡೆಯುತ್ತದೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ.

ಕಾನೂನೇನು ಕೆಟ್ಟದ್ದಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, 2016ರದ್ದು 21ಕ್ಕೆ ಏರಿಸಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಪಟ್ಟಿಯಲ್ಲಿದೆ. ಅಲ್ಲೂ ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುತ್ತದೆ, ನರಗಳ ಹೊದಿಕೆ ಹೋಗುತ್ತದೆ. ಸಂಧಿವಾತದ ಹೆಸರಿಲ್ಲ, ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರೇ ಆಗಿರುವ ಲೂಪಸ್‌ನ ಹೆಸರೂ ಇಲ್ಲ. ಕೈಕಾಲು ಚಲನೆಯ ವೈಕಲ್ಯದ ಬಾಗಿಲಲ್ಲೇ ಇವರೆಲ್ಲ ತಲೆ ತಗ್ಗಿಸಿ ನುಗ್ಗಬೇಕು. ಕೇಂದ್ರ ಸರ್ಕಾರ ಅಧಿಸೂಚಿಸುವ ಇತರ ಯಾವುದೇ ವರ್ಗ ಎಂದು ಅನುಸೂಚಿಯ ಕೊನೆಗೊಂದು ಸಾಲಿದೆ. ಮನಸ್ಸಿದ್ದರೆ ಅಲ್ಲಿ ಸೇರಿಸಬಹುದು. ಶೇ 40 ಇಲ್ಲದವರೂ ಅಂಗವಿಕಲರೇ ಎಂದು 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯೂ ಆಗಿದೆ. ಅದು ಪರೀಕ್ಷೆ ಬರೆಯಲು ಸಹಾಯಕರನ್ನು ಕೊಡುವ ವಿಚಾರ. ಪಿಂಚಣಿಯ ಗುಮಾಸ್ತನಿಗೆ ಕಾಣುವುದು 40 ಮಾತ್ರ.

ಇಷ್ಟೆಲ್ಲ ಪಾಡುಪಟ್ಟು 40 ದಾಟಿದರೆ ಸಿಗುವುದೆಷ್ಟು? ತಿಂಗಳಿಗೆ 800 ರೂಪಾಯಿ. ಶೇ 75 ದಾಟಿದವರಿಗೆ 1,400. ಎಂಟುನೂರನ್ನು ಮೂವತ್ತರಿಂದ ಭಾಗಿಸಿ: ದಿನಕ್ಕೆ 27 ರೂಪಾಯಿ ಬರುವುದಿಲ್ಲ. ಬೆಂಗಳೂರಿನ ಆಟೋದಲ್ಲಿ ಕನಿಷ್ಠ ಮೀಟರ್ 36. ಅದೂ ಕುಟುಂಬದ ವರ್ಷದ ಆದಾಯ 32,000 ಮೀರಿರಬಾರದು, ಅಂದರೆ ತಿಂಗಳಿಗೆ ಎರಡೂಮುಕ್ಕಾಲು ಸಾವಿರದೊಳಗೆ. ಬಾಗಲಗುಂಟೆಯಲ್ಲಿ ಅಷ್ಟಕ್ಕೆ ಶೀಟಿನ ಮನೆಯೂ ಬಾಡಿಗೆಗೆ ಸಿಗುವುದಿಲ್ಲ. ಆದಾಯ ಪ್ರಮಾಣಪತ್ರದಲ್ಲಿ ಸುಳ್ಳು ಬರೆಸು ಎಂದು ಸರ್ಕಾರವೇ ಬಡವರಿಗೆ ಪಾಠ ಹೇಳಿಕೊಡುವುದು ಹೀಗೆ. ಇದೇ ರಾಜ್ಯದಲ್ಲಿ ಮನೆಯ ಯಜಮಾನಿಯಾಗಿರುವುದಕ್ಕೆ ಗೃಹಲಕ್ಷ್ಮಿ ಎರಡು ಸಾವಿರ. ಕೊಡಲಿ, ನನ್ನ ತಕರಾರಿಲ್ಲ. ಎರಡು ಸಾವಿರಕ್ಕೆ ಕೈ ಪರೀಕ್ಷಿಸುವುದಿಲ್ಲ, ಎಂಟುನೂರಕ್ಕೆ ಚೀಲ ಎತ್ತಿಸುತ್ತಾರೆ ಎಂಬುದಷ್ಟೇ ನನ್ನ ಗೊಣಗಾಟ.

ಕೆಲಸದಲ್ಲಿದ್ದಾಗ ಇಎಸ್‌ಐ ಇತ್ತಲ್ಲ ಎನ್ನುತ್ತೀರಿ. ಇತ್ತು. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನ, ಕೂಲಿಯ ಶೇ 70. ಅದಕ್ಕಿಂತ ಹೆಚ್ಚು ಕಾಲ ಬೇಕೆಂದರೆ ಅದಕ್ಕೂ ಒಂದು ಪಟ್ಟಿ, 34 ದೀರ್ಘಕಾಲದ ರೋಗಗಳದ್ದು. ಈ ದೇಶದಲ್ಲಿ ಕಾಯಿಲೆ ಬೀಳುವ ಮೊದಲು ಪಟ್ಟಿ ನೋಡಿಕೊಂಡು ಬೀಳಬೇಕು.

ಇನ್ನು ನನ್ನ ಹಳೇ ಜಗಳ, ಮೊದಲನೇ ಮಹಡಿ. ಈ ಅಂಕಣ ಓದುವವರಿಗೆ ಇದು ಹೊಸದಲ್ಲ, ಬೇಸರವಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. ನಡೆಯಲಾಗದವರು ಹೋಗಲೇಬೇಕಾದ ಕಚೇರಿಗಳೆಲ್ಲ ಮಹಡಿ ಮೇಲೆ ಏಕಿರುತ್ತವೆ? ನೆಲಮಹಡಿಯಲ್ಲಿ ಬೈಕ್ ಪಾರ್ಕಿಂಗ್, ಹಳೇ ಕಡತ, ಮುರಿದ ಕುರ್ಚಿ. ಆ ದಿನವೂ ಅದೇ. ಲಿಫ್ಟಿನ ಬಾಗಿಲಿಗೆ ದುರಸ್ತಿಯ ಚೀಟಿ, ಚೀಟಿ ಹಳದಿಯಾಗಿ ಅದರ ಮೂಲೆಯೇ ಕಿತ್ತುಬಂದಿತ್ತು. ಇವಳು ಕಂಬಿ ಹಿಡಿಯದೆ, ಹಿಡಿದರೆ ಬೆರಳು ನೋಯುತ್ತದೆಂದು ಮೊಣಕೈ ಊರಿ ಹತ್ತಿದಳು. ಮೇಲೆ ಹೋದ ಮೇಲೆ ಕೇಳಿದ ಮೊದಲ ಪ್ರಶ್ನೆ, 'ಮೆಟ್ಟಿಲು ಹತ್ತೋಕಾಗುತ್ತಾ?' ಮೇಲಿದ್ದೀವಲ್ಲ ಸ್ವಾಮಿ! ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಪಡಿಸಲು 2016ರ ಕಾಯ್ದೆ ಕೊಟ್ಟಿದ್ದು ನಿಯಮ ಹೊರಟ ದಿನದಿಂದ ಐದು ವರ್ಷ. ನಿಯಮ ಹೊರಟಿದ್ದು 2017ರ ಜೂನ್‌ನಲ್ಲಿ. ಲೆಕ್ಕ ನೀವೇ ಹಾಕಿ. ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೊ ಎಳೆದು, ಮಂಜುನಾಥನಗರದಲ್ಲಿ ಸ್ಟೇಷನ್ ಕಟ್ಟಿ, ಅಷ್ಟೆತ್ತರಕ್ಕೆ ಲಿಫ್ಟ್ ಇಟ್ಟವರ ನಾಡಿದು. ಒಂದು ಮಹಡಿಯ ಕಚೇರಿಗೆ ಲಿಫ್ಟ್ ಓಡಿಸಲು ಬರುವುದಿಲ್ಲವೆಂದರೆ ನಂಬಬೇಕೆ?

ಪ್ರಮಾಣಪತ್ರ ಕೊಡುವುದರಲ್ಲಿ ಇಷ್ಟೊಂದು ಬಿಗಿ ಏಕೆಂದು ಕೇಳಿದರೆ ಸಿಗುವ ಉತ್ತರ ಒಂದೇ: ನಕಲಿ ಪ್ರಮಾಣಪತ್ರ. 2024ರಲ್ಲಿ ಇಂಥದೇ ಆರೋಪ ಹೊತ್ತ ಮಹಾರಾಷ್ಟ್ರದ ಪ್ರೊಬೇಷನರಿ ಐಎಎಸ್ ಅಧಿಕಾರಿಯ ಗದ್ದಲ ಯಾರಿಗೆ ಮರೆತಿದೆ? ಉಮೇದುವಾರಿಕೆ ರದ್ದಾಯಿತು, ಕೇಸು ನಡೆಯಿತು. ಅಲ್ಲಿಂದಾಚೆಗೆ ಅರ್ಜಿ ಹಿಡಿದ ಪ್ರತಿಯೊಬ್ಬರನ್ನೂ ಕಳ್ಳರಂತೆ ನೋಡುವ ಕಣ್ಣು ಬಂದಿದೆ. ನಕಲಿ ಮಾಡುವವರು ಯಾರು? ವಕೀಲರಿರುವವರು, ದುಡ್ಡಿರುವವರು, ದೊಡ್ಡ ಹುದ್ದೆ ಬೇಕಾದವರು. ತಿಂಗಳಿಗೆ 800 ರೂಪಾಯಿಗೋಸ್ಕರ ಬೆರಳು ನೋಯುತ್ತದೆಂದು ನಾಟಕವಾಡುವವಳನ್ನು ನನಗೊಮ್ಮೆ ತೋರಿಸಿ, ಆ ಎಂಟುನೂರು ನಾನೇ ಕೊಡುತ್ತೇನೆ.

ಹಾಗಾದರೆ ಅಳೆಯುವುದು ಬೇಡವೆ? ಬೇಕು. ಅವಳ ಚೀಲದಲ್ಲಿ ಅಷ್ಟೂ ವರ್ಷದ ಕೇಸ್‌ಶೀಟು, ರಕ್ತದ ವರದಿ, ಎಕ್ಸ್‌ರೇ ಇದ್ದವು. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಎಷ್ಟು ಸಲ ಡೋಸ್ ಏರಿಸಿದರು, ವರ್ಷದಲ್ಲಿ ಎಷ್ಟು ತಿಂಗಳು ಕೀಲು ಊದಿತ್ತು, ಎಲ್ಲ ಅದರಲ್ಲಿದೆ. ಅದನ್ನು ತಿರುವಿ ಹಾಕಿದ್ದರೆ ಸಾಕಿತ್ತು. ಚೀಲ ಎಷ್ಟು ಭಾರವಿದೆ, ಎತ್ತುತ್ತಾಳೋ ಇಲ್ಲವೋ ಎಂದಷ್ಟೇ ನೋಡಿದರು.

ಈ ಪ್ರಮಾಣಪತ್ರದ ನಿಯಮವನ್ನು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದಿತು. ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳ ಅವಧಿ ಮೂರು ತಿಂಗಳಾಯಿತು. ಅಂಗವಿಕಲರ ಗುರುತಿನ ಕಾರ್ಡಿಗೆ ಬಣ್ಣ ಬಂತು: 40ರೊಳಗೆ ಬಿಳಿ, 80ರೊಳಗೆ ಹಳದಿ, ಅದರಾಚೆ ನೀಲಿ. ಇವಳಿಗೆ ಬಿಳಿ ಸಿಕ್ಕೀತು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ತೀರ್ಮಾನವಾಗದೆ ಎರಡು ವರ್ಷ ಬಿದ್ದಿರುವ ಅರ್ಜಿ ತಾನಾಗಿಯೇ ನಿಷ್ಕ್ರಿಯವಾಗುತ್ತದೆ, ಮತ್ತೆ ಹೊಸದಾಗಿ ಹಾಕಬೇಕು ಎಂಬುದೂ ಅದೇ ತಿದ್ದುಪಡಿಯ ಕೊಡುಗೆ. ಕೈ ಹಾಕಿದ್ದೇ ಹಾಕಿದ್ದು, ಎರಡು ವರ್ಷವಾದರೆ ಸಂಧಿವಾತವೂ ನಿಷ್ಕ್ರಿಯ ಎಂದು ಒಂದು ಸಾಲು ಸೇರಿಸಿಬಿಡಬಾರದಿತ್ತೆ?