ಪೀಕಿನ ಪಹಣಿಯೂ ಮೊಬೈಲಿನ ತೊಡಕುಗಳೂ

ಶಿಗ್ಗಾವಿ ತಾಲೂಕಿನ ದುಂಡಸಿ ಹೋಬಳಿಯಲ್ಲಿ ಮುಂಗಾರಿ ಪೀಕು ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ರೈತನಿಗೆ ಎಡೆ ಹೊಡೆಯುವ, ಕಳೆ ತೆಗೆಸುವ, ಮೇಲುಗೊಬ್ಬರ ಕೊಡುವ ಚಿಂತೆಗಳ ಜೊತೆಗೆ ಈಚಿನ ವರ್ಷಗಳಲ್ಲಿ ಮತ್ತೊಂದು ಚಿಂತೆಯು ಕೂಡಿಕೊಂಡಿರುವದು. ಹೊಲದಲ್ಲಿ ನಿಂತ ಬೆಳೆಯ ಚಿತ್ರವನ್ನು ತನ್ನ ಮೊಬೈಲಿನಿಂದಲೇ ತೆಗೆದು ಸರಕಾರದ ದಫ್ತರಕ್ಕೆ ಮುಟ್ಟಿಸುವದೇ ಆ ಕೆಲಸವು. 2020ನೆಯ ಇಸವಿಯ ಮುಂಗಾರಿನಿಂದ ರಾಜ್ಯದ ರೈತರಿಗೆ ತಮ್ಮ ಬೆಳೆಯ ಸಮೀಕ್ಷೆಯನ್ನು ತಾವೇ ಮಾಡಿಕೊಳ್ಳುವ ಅವಕಾಶವು ದೊರೆತಿದೆ. ಅವಕಾಶವು ದೊಡ್ಡದು, ಆದರೆ ಅದನ್ನು ನಡೆಸುವ ಉಪಕರಣವು ಅಂಗೈಯಷ್ಟಿನದು, ಮತ್ತು ಅದು ಯಾವಾಗ ಮುನಿಯುವದೆಂಬುದು ಅದರ ಒಡೆಯನಿಗೂ ತಿಳಿಯದು.

ಈ ಸೀಮೆಯು ಮುಂಬಯಿ ಆಧಿಪತ್ಯದಲ್ಲಿದ್ದ ಕಾಲಕ್ಕೆ ಪೀಕಿನ ಪಹಣಿಯನ್ನು ಊರ ಕುಲಕರ್ಣಿಯು ಬರೆಯುತ್ತಿದ್ದನು. ಆ ಬರಹದಲ್ಲಿ ತಪ್ಪುಗಳೇ ಇರಲಿಲ್ಲವೆಂದು ಹೇಳುವದು ಸತ್ಯಕ್ಕೆ ದೂರವಾದೀತು. ಹೊಲಕ್ಕೆ ಕಾಲಿಡದೆ ಬರೆದ ಪಹಣಿಯ ಕಥೆಗಳನ್ನು ಹಿರಿಯರು ಇಂದಿಗೂ ನಗುತ್ತ ಹೇಳುವರು. ಆದಾಗ್ಯೂ ತಪ್ಪು ಯಾರದೆಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು, ತಕರಾರನ್ನು ಚಾವಡಿಯಲ್ಲಿ ನಾಲ್ಕು ಜನರೆದುರಿಗೆ ಗಟ್ಟಿಯಾಗಿ ಆಡಿ ತೋರಿಸಬಹುದಾಗಿತ್ತು. 1961ರ ಕಾಯಿದೆಯಿಂದ ವತನದ ಹುದ್ದೆಗಳು ಕೊನೆಗಂಡವು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಉತಾರಗಳು ಗಣಕಯಂತ್ರವನ್ನು ಸೇರಿದವು. ಈಗಂತೂ ಲೇಖಣಿಯು ನೇರವಾಗಿ ರೈತನ ಕೈಗೇ ಬಂದಿದೆ. ಆದರೆ ಲೇಖಣಿಯು ಮನೆಗೆ ಬಂದಾಗ ಚಾವಡಿಯು ಅದರೊಡನೆ ಬರಲಿಲ್ಲ. ಮೊಬೈಲು ಕೆಲಸ ಮಾಡದಿದ್ದರೆ ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು ಎಂಬುದಕ್ಕೆ ಊರಲ್ಲಿ ಒಂದು ಗೊತ್ತಾದ ಜಾಗವಿಲ್ಲದಿರುವದೇ ಇಂದಿನ ನಿಜವಾದ ಕೊರತೆಯು.

ಇದನ್ನು ಯಂತ್ರದ ಒಂದು ಕಿರುಕುಳವೆಂದು ಮುಖಂಡರು ಉಪೇಕ್ಷಿಸತಕ್ಕದ್ದಲ್ಲ. ಸಮೀಕ್ಷೆಯಲ್ಲಿ ಬರೆದ ಬೆಳೆಯೇ ಉತಾರಕ್ಕೆ ಇಳಿಯುವದು. ಬೆಂಬಲ ಬೆಲೆಯ ಖರೀದಿಯಲ್ಲಿ ಅದನ್ನೇ ನೋಡುವರು. ಬೆಳೆಹಾನಿಯ ಪರಿಹಾರಕ್ಕೂ ಅದೇ ಆಧಾರವು. 2016ರಿಂದ ನಡೆದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಇಳಿಸಿದ ಬೆಳೆಯನ್ನು ಸಮೀಕ್ಷೆಯ ಬೆಳೆಯೊಡನೆ ತಾಳೆ ನೋಡಲಾಗುವದು. ಗೋವಿನಜೋಳಕ್ಕೆ ಕಂತು ತುಂಬಿದವನ ಹೊಲವು ಸಮೀಕ್ಷೆಯಲ್ಲಿ ಹತ್ತಿಯೆಂದು ದಾಖಲಾಗಿದ್ದರೆ ಅವನ ಪ್ರಸ್ತಾವವು ತಿರಸ್ಕಾರಕ್ಕೆ ಗುರಿಯಾಗುವದು. ಮುಖ್ಯ ಬೆಳೆಗಳ ವಿಮೆಯ ಲೆಕ್ಕವು ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯ ಮೇಲೆ ನಡೆಯುವದರಿಂದ, ಒಂದೇ ಮಳೆಯಿಂದ ಕೆಟ್ಟ ಎರಡು ಹೊಲಗಳಲ್ಲಿ ಬದುವಿನ ಆಚೆಯವನಿಗೆ ಹಣ ಬಂದು ಈಚೆಯವನಿಗೆ ಬಾರದಂಥ ಪ್ರಸಂಗವು ಒದಗುವದು. ಈಚೆಯವನು ಮಾಡಿದ ತಪ್ಪಾದರೂ ಏನು? ಪರದೆಯ ಮೇಲೆ ಬೆರಳು ಒಂದು ಸಾಲು ಕೆಳಗೆ ಬಿದ್ದಿತ್ತು, ಅಷ್ಟೆ.

ರೈತನು ತಾನಾಗಿ ಮಾಡದೆ ಬಿಟ್ಟರೆ ಆ ಹೊಲದ ಸಮೀಕ್ಷೆಯನ್ನು ಇಲಾಖೆಯು ಗೊತ್ತುಪಡಿಸಿದ ಖಾಸಗಿ ನಿವಾಸಿಯು ಮುಗಿಸುವನು. ಅವನು ಎಷ್ಟು ಪ್ರಾಮಾಣಿಕನಾದರೂ ಪರರ ಹೊಲವು ಪರರದೇ. ಶೇಂಗಾದ ನಡುವೆ ಬಿತ್ತಿದ ತೊಗರಿಯ ಅಕ್ಕಡಿಯು, ಮೂಲೆಯ ಹತ್ತು ಗುಂಟೆಯ ಮೆಣಸಿನಗಿಡವು ಅವನ ಕಣ್ಣಿಗೆ ಬಿದ್ದರೂ ಬೀಳಬಹುದು, ಬೀಳದಿದ್ದರೂ ಆಶ್ಚರ್ಯವಿಲ್ಲ. ಆದುದರಿಂದ ರೈತನೇ ನಿಂತು ಮಾಡುವದು ಮೇಲು. ಹಾಗೆ ನಿಂತಾಗ ಅವನಿಗೆ ಒದಗುವ ತೊಡಕುಗಳಲ್ಲಿ ಮುಕ್ಕಾಲು ಪಾಲು ತೀರ ಅಲ್ಪವಾದವು, ಬಲ್ಲವನೊಬ್ಬನು ಬದಿಗಿದ್ದರೆ ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ತೀರುವಂಥವು.

ಎಲ್ಲಕ್ಕೂ ಹೆಚ್ಚು ಕೇಳಿಬರುವ ದೂರೆಂದರೆ, ರೈತನು ತನ್ನ ಹೊಲದಲ್ಲಿಯೇ ನಿಂತಿದ್ದರೂ ‘ನೀವು ಜಮೀನಿನ ಗಡಿಯ ಹೊರಗಿರುವಿರಿ’ ಎಂದು ಮೊಬೈಲು ಹಟ ಹಿಡಿಯುವದು. ಅಜ್ಜನ ಕಾಲದಿಂದ ಉಳುತ್ತ ಬಂದವನಿಗೆ ಈ ಮಾತು ಸಿಟ್ಟು ತರಿಸಿದರೆ ಸಹಜವೇ. ಆದರೆ ಇದರ ಕಾರಣವು ಸರಳವಾಗಿದೆ. ಮೊಬೈಲು ತಾನಿರುವ ಸ್ಥಳವನ್ನು ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತದಿಂದ ತಿಳಿಯುವದು. ಬಯಲಿನಲ್ಲಿ ನಿಂತಾಗಲೂ ಆ ತಿಳಿವಳಿಕೆಯಲ್ಲಿ ಸುಮಾರು 5 ಮೀಟರು, ಎಂದರೆ 16 ಅಡಿಗಳ ಹೆಚ್ಚುಕಡಿಮೆ ಇರುವದು. ಒಂದು ಗುಂಟೆಯು 33 ಅಡಿ ಉದ್ದ, 33 ಅಡಿ ಅಗಲ. ಅಣ್ಣತಮ್ಮಂದಿರ ಹಿಸ್ಸೆಯಾಗಿ ಪಟ್ಟಿ ಪಟ್ಟಿಯಾಗಿ ಸೀಳಿದ ಹೊಲದಲ್ಲಿ ಬದುವಿನ ಮೇಲೆ ನಿಂತವನನ್ನು ಯಂತ್ರವು ತಮ್ಮನ ಪಾಲಿಗೆ ಸೇರಿಸಿದರೆ ಅದರ ತಪ್ಪೆನ್ನಲಾಗದು. ಬದುವನ್ನು ಬಿಟ್ಟು ಹೊಲದ ನಟ್ಟನಡುವೆ ಹೋಗಿ, ಗಿಡದ ನೆರಳಿನಿಂದ ಹೊರಗೆ ನಿಂತು, ಎರಡು ಮೂರು ನಿಮಿಷ ತಾಳಿದರೆ ಬಹುಮಟ್ಟಿಗೆ ಗುರುತು ಸರಿಯಾಗುವದು. ಹಾನಗಲ್ಲ ಕಡೆಯ ಅಡಿಕೆ ತೋಟಗಳಲ್ಲಿ ತೋಟದೊಳಗಿನ ತೆರಪು ಹುಡುಕುವದು ಅವಶ್ಯವು. ಲೊಕೇಶನ್ ಎಂಬ ಗುಂಡಿಯನ್ನೇ ಹಾಕದೆ ಹೊಲವೆಲ್ಲ ಸುತ್ತಿದವರೂ ಉಂಟು. ಆ್ಯಪು ಮೊದಲ ದಿನ ‘ಸ್ಥಳವನ್ನು ನೋಡಲು ಅನುಮತಿ ಕೊಡುವಿರಾ’ ಎಂದು ಕೇಳಿದಾಗ ಅಂಜಿಕೊಂಡು ‘ಇಲ್ಲ’ ಒತ್ತಿದವರು ಅವರಿಗಿಂತ ಹೆಚ್ಚು. ಸಿಕ್ಕಸಿಕ್ಕದ್ದಕ್ಕೆಲ್ಲ ‘ಇಲ್ಲ’ ಎನ್ನುವ ಜಾಗರೂಕತೆಯು ಮೆಚ್ಚತಕ್ಕದ್ದೇ ಆದರೂ ಈ ಒಂದು ಕಡೆಯಲ್ಲಿ ‘ಹೌದು’ ಎನ್ನದೆ ಕೆಲಸ ಸಾಗದು.

ಎರಡನೆಯ ದೂರು, ಹೊಲದಲ್ಲಿ ನೆಟ್‌ವರ್ಕ್ ಇಲ್ಲವೆಂಬುದು. ಮುಂಡಗೋಡದ ಕಡೆಯ ಅಡವಿಯಂಚಿನ ಹೊಲಗಳವರು ಇದರಿಂದ ಬೇಸತ್ತು ಸಮೀಕ್ಷೆಯನ್ನೇ ಕೈಬಿಡುವದುಂಟು. ಆದರೆ ಉಪಗ್ರಹದ ಸಂಕೇತಕ್ಕೆ ಇಂಟರ್‌ನೆಟ್ಟಿನ ಹಂಗಿಲ್ಲ. ಸರ್ವೆ ನಂಬರಿನ ನಕ್ಷೆಯನ್ನು ಊರಲ್ಲಿಯೇ ಇಳಿಸಿಕೊಂಡು ಹೊರಟರೆ ಚಿತ್ರವನ್ನು ಹೊಲದಲ್ಲಿ ತೆಗೆದು, ಮರಳಿ ಊರಿಗೆ ಬಂದ ಮೇಲೆ ಕಳುಹಿಸಬಹುದು. ಇಲ್ಲಿಯೇ ಅನೇಕರು ಮೋಸ ಹೋಗುವರು: ಚಿತ್ರ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಮೊಬೈಲನ್ನು ಜೇಬಿಗಿಳಿಸುವರು. ಕಳುಹಿಸಿ, ಹೋಯಿತೆಂಬ ಖಾತರಿಯನ್ನು ಪರದೆಯ ಮೇಲೆ ಕಾಣುವವರೆಗೆ ಅದು ರೈತನ ಜೇಬಿನಲ್ಲಿಯೇ ಉಳಿದ ಅರ್ಜಿಯು.

ಆ್ಯಪು ತೆರೆಯಲೊಲ್ಲದು ಎಂಬುವವರು ಮೊದಲು ನೋಡತಕ್ಕದ್ದು ಅದು ಯಾವ ವರ್ಷದ್ದೆಂಬುದನ್ನು. ಹಂಗಾಮಿಗೊಂದರಂತೆ ಹೊಸದು ಹೊರಡುವದರಿಂದ ಹೋದ ವರ್ಷದ್ದು ಈ ವರ್ಷಕ್ಕೆ ನಡೆಯದು. ಹೊಸದನ್ನು ಇಳಿಸಲು ಜಾಗವಿಲ್ಲವೆಂದು ಮೊಬೈಲು ತಿಳಿಸಿದರೆ, ಆ ಜಾಗವನ್ನು ತುಂಬಿದ್ದು ದಿನಬೆಳಗಾದರೆ ಬಂದು ಬೀಳುವ ಶುಭೋದಯದ ಚಿತ್ರಗಳೂ ವಿಡಿಯೋಗಳೂ ಎಂಬುದು ಬಿಚ್ಚಿ ನೋಡಿದೊಡನೆ ತಿಳಿಯುವದು. ಬೀಜದ ಹಗೇವಿನಲ್ಲಿ ಹೊಟ್ಟು ತುಂಬಿದ ಹಾಗೆ ಇದು. ಮೊಬೈಲಿನ ತಾರೀಖು, ವೇಳೆ ತಪ್ಪಾಗಿದ್ದರೂ ಕೆಲವು ಆ್ಯಪುಗಳು ಒಳಗೆ ಬಿಡಲಾರವು. ಅದನ್ನು ತಿದ್ದಲು ಕಾಸಿನ ಖರ್ಚೂ ಇಲ್ಲ.

ಓಟಿಪಿ ಬಾರದಿರುವದು ಇವೆಲ್ಲಕ್ಕಿಂತ ತೂಕದ ತೊಡಕು. ಆಧಾರಕ್ಕೆ ಜೋಡಿಸಿದ ಸಂಖ್ಯೆಯು ಎಂದೋ ಬಿಟ್ಟುಬಿಟ್ಟ ಸಿಮ್ಮಿನದಾಗಿರುವದು. ಬಹುದಿನ ಬಳಸದೆ ಬಿಟ್ಟ ಸಂಖ್ಯೆಯನ್ನು ಕಂಪನಿಯವರು ಮತ್ತೊಬ್ಬರಿಗೆ ಕೊಡುವದುಂಟಾದ್ದರಿಂದ ರೈತನ ಗುಟ್ಟಿನ ಅಂಕಿಯು ಯಾವುದೋ ಊರಿನ ಯಾರದೋ ಕೈಗೆ ಹೋಗುವದು. ಇದಕ್ಕೆ ಸಂಖ್ಯೆಯನ್ನು ಬದಲಾಯಿಸಿಕೊಳ್ಳುವದೊಂದೇ ಉಪಾಯವು. ಕುರ್ಪಿ, ಕುಡಗೋಲು ಹಿಡಿದು ಬೆರಳಿನ ಗೆರೆ ಸವೆದು ಯಂತ್ರವು ಗುರುತಿಸದಿರುವವರ ಸಲುವಾಗಿ ಪಿಎಂ ಕಿಸಾನ್ ಆ್ಯಪಿನಲ್ಲಿ 2023ರಿಂದ ಮುಖವನ್ನು ತೋರಿಸಿ ಗುರುತು ಖಾತರಿ ಮಾಡುವ ಅನುಕೂಲವಾಗಿದೆ. ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುವ ಈ ಹಣವು ಇಂಥ ಕಾರಣಕ್ಕೆ ನಿಂತುಹೋದ ಮುದುಕಿಯರು ಪ್ರತಿ ಓಣಿಯಲ್ಲಿಯೂ ಸಿಕ್ಕಾರು. ಅವರು ಯಾರಿಗೂ ಹೇಳಿರಲಿಕ್ಕಿಲ್ಲ.

ಯಾಕೆ ಹೇಳಿರಲಿಕ್ಕಿಲ್ಲವೆಂಬುದೇ ವಿಚಾರಿಸತಕ್ಕ ಮಾತು. ಎತ್ತು ಮೇವು ಬಿಟ್ಟರೆ ರೈತನು ನಾಚದೆ ಹತ್ತು ಜನರನ್ನು ಕೇಳುವನು. ಮೊಬೈಲು ಕೆಟ್ಟರೆ ಮಾತ್ರ ಮಗನನ್ನೋ ಮೊಮ್ಮಗನನ್ನೋ ಒಳಮನೆಯಲ್ಲಿ ಮೆಲ್ಲಗೆ ಕೇಳುವನು. ಹುಡುಗನು ಬೇಸರದಿಂದ ಕಸಿದುಕೊಂಡು ಏನೋ ಒತ್ತಿ ಹಿಂದಕ್ಕೆ ಕೊಡುವನು. ಬಿತ್ತಿದ್ದು ಗೋವಿನಜೋಳವೋ ಸೋಯಾ ಅವರೆಯೋ ಎಂದು ಶಾಲೆಗೆ ಹೋಗುವ ಹುಡುಗನಿಗೆ ಗೊತ್ತಿದ್ದರೆ ಪುಣ್ಯವು. ಈ ನಾಚಿಕೆಯು ಮೇಲಿನಿಂದ ಇಳಿದು ಬಂದದ್ದೆಂಬುದನ್ನು ಊರ ಗೌಡರೂ ದೊಡ್ಡ ಜಮೀನುದಾರರೂ ಒಪ್ಪಬೇಕು. ದೊಡ್ಡ ಮೊಬೈಲು ಹಿಡಿದ ಯಜಮಾನರು ತಮಗೆ ತಿಳಿಯದ್ದನ್ನು ನಾಲ್ಕು ಜನರ ಮುಂದೆ ಕೇಳದೆ ಬಿಟ್ಟಾಗ, ಎರಡೆಕರೆಯವನಿಗೆ ಕೇಳುವ ಧೈರ್ಯವು ಎಲ್ಲಿಂದ ಬಂದೀತು? ಗುಡಿಯ ಕಟ್ಟೆಯ ಮೇಲೆ ಮೊದಲು ಗೌಡರೇ ತಮ್ಮ ಮೊಬೈಲನ್ನು ಮುಂದಿಟ್ಟು ‘ಇದು ಯಾಕೆ ಹೀಗೆ ಮಾಡುತ್ತದೆ, ನೋಡಪಾ’ ಎಂದರೆ ಉಳಿದವರ ಬಾಯಿಗಳು ತಾವಾಗಿ ತೆರೆಯುವವು.

ಜಮೀನುದಾರರ ಹೊಣೆಯು ಇಷ್ಟಕ್ಕೇ ತೀರದು. ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ನೆಲಸಿ ಹೊಲವನ್ನು ಪಾಲಿಗೆ ಕೊಟ್ಟಿರುವವರು ಈ ಹೋಬಳಿಯಲ್ಲಿ ಕಡಿಮೆಯಿಲ್ಲ. ಓಟಿಪಿಯು ಅವರ ಸಂಖ್ಯೆಗೆ ಹೋಗುವದು, ಪೀಕು ಇಲ್ಲಿ ಪಾಲಿನವನ ಕಣ್ಣೆದುರಿಗೆ ಇರುವದು. ಕಚೇರಿಯ ಕೆಲಸದ ನಡುವೆ ಫೋನು ಎತ್ತದಿದ್ದರೆ, ಇಲ್ಲವೆ ಹೋದ ವರ್ಷದ ನೆನಪಿನಿಂದ ಒಂದು ಬೆಳೆಯ ಹೆಸರು ಹೇಳಿಬಿಟ್ಟರೆ ಅದರ ಪೆಟ್ಟು ಬೀಳುವದು ಬೀಜ, ಗೊಬ್ಬರ, ಆಳು ಹಾಕಿ ದುಡಿದವನ ಮೇಲೆ. ಸಮೀಕ್ಷೆಯ ದಿನಗಳಲ್ಲಿ ಒಂದು ದಿನ ಊರಿಗೆ ಬಂದು ಹೊಲದಲ್ಲಿ ಜೊತೆಗೆ ನಿಲ್ಲುವದು ಒಡೆತನದ ಕನಿಷ್ಠ ಧರ್ಮವು.

ಯಾವ ತೊಡಕು ಮೊಬೈಲಿನದು, ಯಾವುದು ದಫ್ತರದ್ದು ಎಂಬ ವಿವೇಚನೆಯೂ ಊರಲ್ಲಿ ಬೇಕಾಗಿದೆ. ಉತಾರದಲ್ಲಿಯ ಹೆಸರಿಗೂ ಆಧಾರದ ಹೆಸರಿಗೂ ತಾಳೆಯಿಲ್ಲದಿರುವದು, ಪೋಡಿಯಾಗದೆ ಒಂದೇ ನಂಬರಿನಲ್ಲಿ ಐದಾರು ಹೆಸರುಗಳಿರುವದು, ಫ್ರೂಟ್ಸ್ ದಾಖಲೆಯ ಗುರುತಿನ ಸಂಖ್ಯೆಗೆ ಒಂದೆರಡು ಸರ್ವೆ ನಂಬರುಗಳು ಸೇರದೆ ಉಳಿದಿರುವದು, ಇವು ಯಾವ ಹೊಸ ಮೊಬೈಲು ಕೊಂಡರೂ ನೀಗವು. ಇವಕ್ಕೆ ರೈತ ಸಂಪರ್ಕ ಕೇಂದ್ರವನ್ನೋ ನಾಡ ಕಚೇರಿಯನ್ನೋ ಹತ್ತಬೇಕು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟಾಗ ಪರಿಹಾರಧನವು ಫ್ರೂಟ್ಸ್ ದಾಖಲೆಯ ಮೇಲೆಯೇ ಖಾತೆಗಳಿಗೆ ಹೋಯಿತೆಂಬುದನ್ನು ಇಲ್ಲಿ ನೆನೆಯಬಹುದು. ಮಳೆ ಕೈಕೊಟ್ಟ ಮೇಲೆ ನಂಬರು ಸೇರಿಸಲು ಓಡಾಡುವದಕ್ಕಿಂತ ಬಿತ್ತುವ ಮೊದಲೇ ಒಮ್ಮೆ ನೋಡಿಸಿಕೊಳ್ಳುವದು ಲೇಸು.

ಕೇಳುವ ಜಾಗವಿಲ್ಲದ ಊರಲ್ಲಿ ಠಕ್ಕರಿಗೆ ಸುಗ್ಗಿಯು. ಪಿಎಂ ಕಿಸಾನ್ ಹೆಸರಿನ ಕಡತವೊಂದನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಅದನ್ನು ತೆರೆದವನ ಬ್ಯಾಂಕಿನ ಹಣವನ್ನು ಬಾಚಿಕೊಳ್ಳುವ ಮೋಸದ ಬಗ್ಗೆ ಪೊಲೀಸರು ಎಚ್ಚರಿಸಿದ್ದುಂಟು. ಸರಕಾರದ ಆ್ಯಪು ವಾಟ್ಸಾಪಿನಲ್ಲಿ ಬರುವದಿಲ್ಲ; ಅದನ್ನು ಪ್ಲೇ ಸ್ಟೋರಿನಿಂದಲೇ ಇಳಿಸತಕ್ಕದ್ದು. ಓಟಿಪಿಯನ್ನು ಫೋನಿನಲ್ಲಿ ಕೇಳುವವನು ಯಾವ ಕಚೇರಿಯ ಹೆಸರು ಹೇಳಿದರೂ ಕೊಡಕೂಡದು. ಹಣ ಹೋದದ್ದು ತಿಳಿದ ಗಳಿಗೆಯಲ್ಲಿಯೇ 1930 ಸಂಖ್ಯೆಗೆ ಫೋನು ಮಾಡಿದರೆ ತಡೆಯುವ ಸಂಭವವಿದೆ. ಮಾನ ಹೋದೀತೆಂದು ಎರಡು ದಿನ ಮುಚ್ಚಿಟ್ಟರೆ ಆ ಸಂಭವವು ಬಹಳ ಕುಗ್ಗುವದು.

ಇಷ್ಟು ಹೇಳಿದ ಮೇಲೆ ಇಲಾಖೆಯ ಪಾಲಿನ ಮಾತನ್ನೂ ಮರೆಮಾಚಲಾಗದು. ಯಂತ್ರದ ತಪ್ಪನ್ನು ರೈತನ ತಲೆಗೆ ಕಟ್ಟುವದು ನ್ಯಾಯವಲ್ಲ. ಹಂಗಾಮಿನ ಕೊನೆಯ ವಾರದಲ್ಲಿ ಎಲ್ಲರೂ ಒಮ್ಮೆಲೆ ಕಳುಹಿಸತೊಡಗಿ ವ್ಯವಸ್ಥೆಯು ತಡವರಿಸಿದಾಗ ಅವಧಿಯನ್ನು ವಿಸ್ತರಿಸುವದೂ, ತಕರಾರು ಬಂದಾಗ ಪರದೆಯನ್ನು ಬಿಟ್ಟು ಹೊಲಕ್ಕೆ ಹೋಗಿ ನೋಡುವದೂ ಅಧಿಕಾರಿಗಳ ಕರ್ತವ್ಯವಾಗಿದೆ. ಯಾವ ಬೆಳೆ ದಾಖಲಾಗಿದೆಯೆಂಬುದನ್ನು ರೈತನು ‘ಬೆಳೆ ದರ್ಶಕ್’ ಆ್ಯಪಿನಲ್ಲಿ ಚಿತ್ರಸಹಿತವಾಗಿ ನೋಡಿ ಆಕ್ಷೇಪಣೆ ಸಲ್ಲಿಸಲು ಬರುವದು. ಆದರೆ ಅದಕ್ಕೊಂದು ಕಡೆಯ ದಿನವಿರುವದು, ಮತ್ತು ಆ ದಿನವು ಅನೇಕರಿಗೆ ದಾಟಿದ ಮೇಲೆಯೇ ತಿಳಿಯುವದು. ಡಂಗುರ ಸಾರಿಸುವ ಪದ್ಧತಿಯನ್ನು ಗ್ರಾಮ ಪಂಚಾಯಿತಿಗಳು ಈ ಒಂದು ಕಾರಣಕ್ಕಾದರೂ ಉಳಿಸಿಕೊಳ್ಳುವದು ಒಳ್ಳೆಯದು.

ಸಮೀಕ್ಷೆಯ ಕಾಲವು ಶ್ರಾವಣದ ಆಚೀಚೆಗೆ ಬರುವದು. ಸೋಮವಾರ ಎತ್ತಿಗೆ ನೊಗವಿಡದ ಸಂಪ್ರದಾಯವು ಈ ಭಾಗದ ಎಷ್ಟೋ ಮನೆಗಳಲ್ಲಿ ಇಂದಿಗೂ ನಡೆದಿದೆ. ಆ ಬಿಡುವಿನ ದಿನ ಊಟದ ತರುವಾಯ ಎರಡು ತಾಸು ಗುಡಿಯ ಕಟ್ಟೆಯ ಮೇಲಾಗಲಿ ಪಂಚಾಯಿತಿಯ ಪಡಸಾಲೆಯಲ್ಲಾಗಲಿ ಕೂಡಿದರೆ ಸಾಕು. ಕಾಲೇಜು ಓದುವ ಇಬ್ಬರು ಹುಡುಗರು ಅಥವಾ ಹುಡುಗಿಯರು, ಪೀಕಿನ ಗುರುತು ಬಲ್ಲ ಒಬ್ಬ ಹಿರಿಯರು, ಮೊಬೈಲು ಚಾರ್ಜಿಗೆ ಹಾಕಲು ಒಂದು ಬೋರ್ಡು, ಮತ್ತು ಒಂದು ನೋಟುಬುಕ್ಕು: ಇದಕ್ಕಿಂತ ಹೆಚ್ಚಿನ ಸಾಮಗ್ರಿಯು ಬೇಕಾಗದು. ಮೊಬೈಲನ್ನು ಒಡೆಯನ ಕೈಯಲ್ಲಿಯೇ ಇರಗೊಟ್ಟು, ಎಲ್ಲಿ ಒತ್ತಬೇಕೆಂಬುದನ್ನು ಬಾಯಿಂದ ಹೇಳತಕ್ಕದ್ದು. ಒಂಟಿ ಹೆಂಗಸರ, ಮುದುಕರ, ಪಾಲಿನವರ ಹೊಲಗಳನ್ನು ಮೊದಲು ಹಿಡಿಯುವದು ಯುಕ್ತವು. ನೋಟುಬುಕ್ಕಿನಲ್ಲಿ ಸರ್ವೆ ನಂಬರು, ಹಿಸ್ಸೆ, ಕಳುಹಿಸಿದ ಬೆಳೆ, ಕಳುಹಿಸಿದ ತಾರೀಖು ಇಷ್ಟನ್ನು ಬರೆದು ರೈತನ ಸಹಿ ಪಡೆದಿಟ್ಟರೆ, ಮುಂದೆ ಬೆಳೆ ತಾಳೆಯಾಗದೆ ಆಕ್ಷೇಪಣೆ ಸಲ್ಲಿಸುವ ಪ್ರಸಂಗ ಬಂದಾಗ ಯಾವ ಹೊಲದಲ್ಲಿ ಏನಿತ್ತೆಂದು ನೆನಪಿನಿಂದ ವಾದಿಸುವ ಕಷ್ಟವು ತಪ್ಪುವದು.