ಆರು ತಿಂಗಳಿನಿಂದ ಮೂರು ವರ್ಷದವರೆಗೆ: ಚಾಮರಾಜನಗರ ಹಾಗೂ ಗುಂಡ್ಲುಪೇಟೆಯಲ್ಲಿ ಶಿಶುಪಾಲನಾ ಕೇಂದ್ರಗಳು

ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯು 1975ರ ಅಕ್ಟೋಬರ್ 2ರಂದು ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದರ ಪ್ರಾಯೋಗಿಕ ಅನುಷ್ಠಾನಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಆಗ ಅದೇ ಜಿಲ್ಲೆಗೆ ಸೇರಿದ್ದವು; ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಈ ಐದು ದಶಕಗಳಲ್ಲಿ ಅಂಗನವಾಡಿ ಎಂಬ ಹೆಸರು ಈ ಭಾಗದ ಜನರ ದಿನನಿತ್ಯದ ಮಾತಿನಲ್ಲಿ ಸೇರಿಹೋಗಿದೆ. ಆದರೆ ಅಂಗನವಾಡಿಯಲ್ಲಿ ಕುಳಿತು ಆಡಿ ಕಲಿಯುವುದು ಮೂರರಿಂದ ಆರು ವರ್ಷದ ಮಗು. ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿಂದ ದೊರೆಯುವುದು ಮನೆಗೆ ಕೊಂಡೊಯ್ಯುವ ಪೂರಕ ಪೌಷ್ಟಿಕ ಆಹಾರ, ತೂಕದ ದಾಖಲೆ ಮತ್ತು ಲಸಿಕೆಗೆ ಸಂಬಂಧಿಸಿದ ನೆರವು. ಕೈಗೂಸನ್ನು ಒಪ್ಪಿಸಿ ತಾಯಿ ಕೆಲಸಕ್ಕೆ ತೆರಳುವ ಏರ್ಪಾಡು ಅದಲ್ಲ.

ಇತ್ತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ವೇತನ ಸಹಿತ ರಜೆ 26 ವಾರಗಳಿಗೆ ಏರಿತು. ಅಂದರೆ ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ತಾಯಿಯ ರಜೆ ಮುಗಿಯುತ್ತದೆ. ಅಂಗನವಾಡಿಯ ಬಾಗಿಲು ತೆರೆಯುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ ಮಗು ಯಾರ ಮಡಿಲಲ್ಲಿರಬೇಕು ಎಂಬುದೇ ಈ ಎರಡು ಪಟ್ಟಣಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯಲು ಬಯಸುವವರ ಮುಂದಿರುವ ನಿಜವಾದ ಪ್ರಶ್ನೆ. ಕೂಲಿ, ಮನೆಗೆಲಸ ಅಥವಾ ಅಂಗಡಿ ಕೆಲಸದ ಮಹಿಳೆಗಾದರೋ ಆ 26 ವಾರಗಳೂ ದೊರೆಯುವುದು ವಿರಳ.

ಅಜ್ಜಿ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಆದರೆ ಗುಂಡ್ಲುಪೇಟೆ ಸುತ್ತಿನ ಚೆಂಡುಹೂ, ತರಕಾರಿ, ಸಣ್ಣ ಈರುಳ್ಳಿ, ಅರಿಶಿನದ ಹೊಲಗಳಲ್ಲಿ ಕಳೆ ಕೀಳಲು, ಕೊಯ್ಲು ಮಾಡಲು ಹೋಗುವವರಲ್ಲಿ ಅಜ್ಜಿಯಂದಿರೂ ಇದ್ದಾರೆ. ಚಾಮರಾಜನಗರದಲ್ಲಿ 2016ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜಿಲ್ಲಾ ಕೇಂದ್ರದ ಕಚೇರಿಗಳು, ಬ್ಯಾಂಕುಗಳು ಹಾಗೂ ಶಾಲೆಗಳಿಗೆ ಬೇರೆ ಊರುಗಳಿಂದ ವರ್ಗವಾಗಿ ಬಂದ ದಂಪತಿಗಳಿಗೆ ಊರಿನಲ್ಲಿ ಅಜ್ಜಿಯೇ ಇರುವುದಿಲ್ಲ. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವೂ ನಗರದ ಸಮೀಪದಲ್ಲೇ ಇದೆ. ಇದಲ್ಲದೆ 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದ್ದು, ನಂಜನಗೂಡು, ಮೈಸೂರಿನ ಉದ್ಯೋಗವು ಪ್ರಯಾಣ ವೆಚ್ಚದ ದೃಷ್ಟಿಯಿಂದ ಹತ್ತಿರ ಬಂದಿದೆ. ಸಮಯದ ದೃಷ್ಟಿಯಿಂದ ಅಲ್ಲ. ಎರಡೂ ಪಟ್ಟಣಗಳಿಂದ ಮೈಸೂರು ಸುಮಾರು 60 ಕಿಲೋಮೀಟರ್. ಚಾಮರಾಜನಗರಕ್ಕೆ ರೈಲಾದರೂ ಇದೆ. ಗುಂಡ್ಲುಪೇಟೆಯವರಿಗೆ ಬಸ್ಸೇ ಗತಿ.

ಈ ಅಂತರವನ್ನು ತುಂಬಲು ಸರ್ಕಾರಗಳು ಕೈಗೊಂಡ ಕ್ರಮಗಳನ್ನು ಇಲ್ಲಿ ಗಮನಿಸಬೇಕು. ರಾಜ್ಯದ 2023-24ನೇ ಸಾಲಿನ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಲಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕಾಮಗಾರಿ ಸ್ಥಳಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದಲ್ಲಿ ಅವರನ್ನು ನೋಡಿಕೊಳ್ಳುವ ಮಹಿಳೆಗೂ ಕೂಲಿ ನೀಡಲು ಇದ್ದ ಅವಕಾಶಕ್ಕೆ ಇದು ಸೂರು ಒದಗಿಸಿದ ಪ್ರಯತ್ನ. ಆದರೆ ಅದು ಗ್ರಾಮ ಪಂಚಾಯತಿಯ ವ್ಯವಸ್ಥೆ. ಚಾಮರಾಜನಗರ ನಗರಸಭೆಯಾಗಿಯೂ ಗುಂಡ್ಲುಪೇಟೆ ಪುರಸಭೆಯಾಗಿಯೂ ಇರುವುದರಿಂದ ಪಟ್ಟಣದ ಬೀದಿಗಳಿಗೆ ಅದು ತಲುಪುವಂತಿಲ್ಲ. ಕೇಂದ್ರದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯು 2022ರಲ್ಲಿ ಮಿಷನ್ ಶಕ್ತಿಯಡಿ ‘ಪಾಲನಾ’ ಎಂಬ ರೂಪ ಪಡೆದಿದ್ದು, ಆರು ತಿಂಗಳಿನಿಂದ ಆರು ವರ್ಷದ ಮಕ್ಕಳನ್ನು ಒಳಗೊಳ್ಳುತ್ತದೆ. ಶಿಶುಪಾಲನಾ ಯೋಜನೆಯ ಕೇಂದ್ರಗಳಿಗೆ ನಿಗದಿಪಡಿಸಲಾದ ಅವಧಿ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಮೈಸೂರಿಗೆ ಹೋಗಿಬರುವ ತಾಯಿಗೆ ಕೆಲಸದ ಎಂಟು ಗಂಟೆಯ ಜೊತೆಗೆ ಬಸ್ಸಿನ ಮೂರು ಗಂಟೆ ಸೇರಿಸಿದರೆ ಹನ್ನೊಂದು ಗಂಟೆಯಾಗುತ್ತದೆ. ಸಣ್ಣ ಖಾಸಗಿ ಕೇಂದ್ರಕ್ಕೆ ಇರುವ ಅವಕಾಶ ಈ ಮೂರೂವರೆ ಗಂಟೆಯಲ್ಲಿದೆ.

ಲೆಕ್ಕದ ತೊಡಕು

ಇಷ್ಟೊಂದು ಅಗತ್ಯವಿದ್ದೂ ಪಟ್ಟಣಗಳಲ್ಲಿ ಹೊಸದಾಗಿ ಆರಂಭವಾಗುವ ಬಹುಪಾಲು ಸಂಸ್ಥೆಗಳು ಮೂರು ವರ್ಷ ದಾಟಿದ ಮಕ್ಕಳ ಪೂರ್ವ ಪ್ರಾಥಮಿಕ ಶಾಲೆಗಳೇ ಆಗಿರುವುದಕ್ಕೆ ಕಾರಣವಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2018ರಲ್ಲಿ ಹೊರಡಿಸಿದ ಶಿಶುಪಾಲನಾ ಕೇಂದ್ರಗಳ ಕನಿಷ್ಠ ಮಾರ್ಗಸೂಚಿಯಂತೆ ಮೂರು ವರ್ಷದೊಳಗಿನ ಪ್ರತಿ ಹತ್ತು ಮಕ್ಕಳಿಗೆ ಒಬ್ಬ ತರಬೇತಿ ಪಡೆದ ಕಾರ್ಯಕರ್ತೆ ಬೇಕು. ಮೂರು ವರ್ಷ ಮೇಲ್ಪಟ್ಟವರಾದರೆ ಇಪ್ಪತ್ತು ಮಕ್ಕಳಿಗೆ ಒಬ್ಬರು ಸಾಕು. ಇದರ ಜೊತೆಗೆ ಸಹಾಯಕಿಯೂ ಇರಬೇಕು. ಹೀಗಾಗಿ ಕೂಸಿನ ಪಾಲನೆಗೆ ಸಿಬ್ಬಂದಿ ವೆಚ್ಚ ಇಮ್ಮಡಿ. ಯಾವ ವಯಸ್ಸಿನಲ್ಲಿ ಆರೈಕೆ ಅತ್ಯಗತ್ಯವೋ ಆ ವಯಸ್ಸನ್ನೇ ಮಾರುಕಟ್ಟೆ ಕೈಬಿಡುತ್ತಿದೆ.

ಉದಾಹರಣೆಗಾಗಿ ಒಂದು ಅಂದಾಜು ಲೆಕ್ಕವನ್ನು ಪರಿಶೀಲಿಸಬಹುದು. ಹತ್ತು ಕೂಸುಗಳು, ತಲಾ ಮಾಸಿಕ ಶುಲ್ಕ ರೂ. 3,000 ಎಂದಿಟ್ಟುಕೊಂಡರೆ ಆದಾಯ ರೂ. 30,000. ಮಾಲೀಕರೇ ಕಾರ್ಯಕರ್ತೆಯಾಗಿ ದುಡಿದು ಒಬ್ಬ ಸಹಾಯಕಿಗೆ ರೂ. 12,000, ಬಾಡಿಗೆಗೆ ರೂ. 6,000, ಹಾಲು, ರಾಗಿ ಸರಿ, ಗ್ಯಾಸ್, ಸಾಬೂನು, ವಿದ್ಯುತ್ತಿಗೆ ರೂ. 6,000 ನೀಡಿದರೆ ಖರ್ಚು ರೂ. 24,000. ಉಳಿಯುವುದು ರೂ. 6,000; ಅಂದರೆ ಸಹಾಯಕಿಯ ಸಂಬಳದ ಅರ್ಧ. ಇದನ್ನು ಉದ್ಯಮವೆಂದು ಕರೆಯುವುದು ಕಷ್ಟ. ಇದೇ ಕೇಂದ್ರವು ಅಂಗನವಾಡಿ ಅಥವಾ ಶಾಲೆ ಬಿಟ್ಟ ನಂತರ ಸಂಜೆಯವರೆಗೆ ಹತ್ತು ದೊಡ್ಡ ಮಕ್ಕಳನ್ನು ತಲಾ ರೂ. 1,000ಕ್ಕೆ ಸೇರಿಸಿಕೊಂಡು, ಅದಕ್ಕಾಗಿ ಅರೆಕಾಲಿಕ ಸಹಾಯಕಿಗೆ ರೂ. 4,000 ಹಾಗೂ ತಿಂಡಿಗೆ ರೂ. 1,000 ವೆಚ್ಚ ಮಾಡಿದರೆ ಉಳಿಕೆ ರೂ. 11,000 ಆಗುತ್ತದೆ. ಸ್ವಂತ ಮನೆಯಾದಲ್ಲಿ ರೂ. 17,000. ದೊಡ್ಡ ಮಕ್ಕಳ ಶುಲ್ಕವೇ ಕೂಸುಗಳ ತೊಟ್ಟಿಲನ್ನು ತೂಗುತ್ತದೆ ಎಂದರೆ ತಪ್ಪಾಗಲಾರದು. ಶಿಕ್ಷಕಿಯರ ಮಕ್ಕಳು ಹೆಚ್ಚಿರುವ ಕೇಂದ್ರದಲ್ಲಿ ಏಪ್ರಿಲ್, ಮೇ ತಿಂಗಳ ಶುಲ್ಕದ ಬಗ್ಗೆ ಸೇರ್ಪಡೆಯ ದಿನವೇ ಲಿಖಿತವಾಗಿ ಒಪ್ಪಂದ ಮಾಡಿಕೊಳ್ಳುವುದು ಸೂಕ್ತ. ಬೇಸಿಗೆ ರಜೆಯಲ್ಲಿ ಮಕ್ಕಳು ಬಾರದಿದ್ದರೂ ಬಾಡಿಗೆ ನಿಲ್ಲುವುದಿಲ್ಲ.

ದಿನಗೂಲಿಯ ತಾಯಿ ರೂ. 3,000 ನೀಡಬಲ್ಲಳೇ ಎಂಬುದು ಬೇರೆಯೇ ಪ್ರಶ್ನೆ. ಗೃಹಲಕ್ಷ್ಮಿ ಯೋಜನೆಯ ಮಾಸಿಕ ರೂ. 2,000 ಮನೆಯ ಯಜಮಾನಿಗೆ ಸಲ್ಲುವುದರಿಂದ ಕೂಡುಕುಟುಂಬದಲ್ಲಿ ಅದು ಅನೇಕ ವೇಳೆ ಅತ್ತೆಯ ಖಾತೆಗೆ ಹೋಗುತ್ತದೆ, ಎಳೆಯ ಮಗುವಿನ ತಾಯಿಯ ಕೈಗಲ್ಲ. ಶುಲ್ಕದಿಂದ ಮಾತ್ರ ನಡೆಯುವ ಕೇಂದ್ರವು ಸಂಬಳದಾರರ ಮಕ್ಕಳಿಗಷ್ಟೇ ಸೀಮಿತವಾಗುವ ಸಂಭವವಿದೆ.

ಇಲ್ಲಿ ಕಾನೂನಿನ ಒಂದು ಅವಕಾಶವು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರ ಪ್ರಕಾರ ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯು ಶಿಶುಪಾಲನಾ ಸೌಲಭ್ಯ ಒದಗಿಸಬೇಕು. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಅವಕಾಶ ನೀಡಬೇಕು. ಸಂಸ್ಥೆಯು ತನ್ನದೇ ಕೊಠಡಿ ಕಟ್ಟಬೇಕೆಂದೇನೂ ಇಲ್ಲ. ಸರ್ಕಾರ, ಪೌರಸಂಸ್ಥೆ, ಸ್ವಯಂಸೇವಾ ಸಂಸ್ಥೆ ಅಥವಾ ಖಾಸಗಿಯವರು ನಡೆಸುವ ಸಾಮಾನ್ಯ ಕೇಂದ್ರವನ್ನು ಬಳಸಿಕೊಳ್ಳಬಹುದು. ಹಲವು ಸಂಸ್ಥೆಗಳು ಒಟ್ಟಾಗಿಯೂ ನಡೆಸಬಹುದು. ಕೈಗಾರಿಕಾ ಪ್ರದೇಶದ ಎರಡು ಮೂರು ಕಾರ್ಖಾನೆಗಳೊಡನೆ ಒಪ್ಪಂದ ಮಾಡಿಕೊಂಡ ಸಣ್ಣ ಕೇಂದ್ರಕ್ಕೆ ಪ್ರತಿ ತಿಂಗಳೂ ನಿಶ್ಚಿತ ಮೊತ್ತ ಬರುತ್ತದೆ, ಕಾರ್ಮಿಕ ತಾಯಿಯ ಮೇಲಿನ ಹೊರೆಯೂ ತಗ್ಗುತ್ತದೆ. ಗುಂಡ್ಲುಪೇಟೆಯಲ್ಲಿ ಅಂತಹ ದೊಡ್ಡ ಸಂಸ್ಥೆಗಳು ಕಡಿಮೆಯಿರುವುದರಿಂದ ಅಲ್ಲಿನವರು ಮೊದಲು ಹೇಳಿದ ಮಿಶ್ರ ಮಾದರಿಯನ್ನೇ ಅವಲಂಬಿಸಬೇಕಾದೀತು.

ನೋಂದಣಿ ಮತ್ತು ಸಾಲ

ಕೇಂದ್ರ ಆರಂಭಿಸುವವರು ನಗರಸಭೆ ಅಥವಾ ಪುರಸಭೆಯಲ್ಲಿ ಉದ್ದಿಮೆ ಪರವಾನಗಿಯ ಬಗ್ಗೆ ವಿಚಾರಿಸತಕ್ಕದ್ದು. ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯವಿಲ್ಲ. ಅಡುಗೆ ಮಾಡಿ ಬಡಿಸುವುದಾದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ವಾರ್ಷಿಕ ವಹಿವಾಟು ರೂ. 20 ಲಕ್ಷದೊಳಗಿರುವ ಸೇವಾ ಘಟಕಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಅನ್ವಯಿಸದು. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಉದ್ಯಮಗಳ ಪಟ್ಟಿಯಲ್ಲಿ ಶಿಶುಪಾಲನಾ ಕೇಂದ್ರವೂ ಸೇರಿದ್ದು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 50, ಇತರರಿಗೆ ಶೇ. 30ರ ಸಹಾಯಧನವಿದೆ. ಮುದ್ರಾ ಯೋಜನೆಯಲ್ಲಿ ರೂ. 50,000ದವರೆಗಿನ ಸಾಲಕ್ಕೆ ‘ಶಿಶು’ ಎಂದೇ ಹೆಸರು. ಈ ಮೊತ್ತ ಚಾಪೆ, ತೊಟ್ಟಿಲು, ಪಾತ್ರೆಗಳಿಗೆ ಸಾಕಾಗಬಹುದು. ಮಕ್ಕಳ ಸಂಖ್ಯೆ ಹತ್ತಕ್ಕೆ ಏರುವವರೆಗಿನ ತಿಂಗಳುಗಳ ನಷ್ಟಕ್ಕೆ ಪ್ರತ್ಯೇಕ ಹಣ ಇರಿಸಿಕೊಳ್ಳದವರು ತೊಂದರೆಗೆ ಸಿಲುಕುತ್ತಾರೆ.

ಗೋಡೆಯ ಮೇಲಿನ ಬಣ್ಣದ ಚಿತ್ರಗಳಿಗಿಂತ ಮೊದಲು ನೋಡಬೇಕಾದದ್ದು ನೀರಿನ ಸಂಪಿನ ಮುಚ್ಚಳ. ಕೇಂದ್ರವು ನೆಲ ಅಂತಸ್ತಿನಲ್ಲಿರಬೇಕು, ಅಡುಗೆಮನೆಗೆ ಅಡ್ಡಬಾಗಿಲು ಇರಬೇಕು. ಪ್ರತಿ ಮಗುವಿನ ತಾಯಿ ಕಾರ್ಡಿನ ಪ್ರತಿಯನ್ನು ಪಡೆದು ಲಸಿಕೆಯ ವಿವರ ಪರಿಶೀಲಿಸತಕ್ಕದ್ದು. ಮಗುವನ್ನು ಕರೆದೊಯ್ಯಲು ಅಧಿಕಾರವಿರುವವರ ಹೆಸರು, ಭಾವಚಿತ್ರ ವಹಿಯಲ್ಲಿರಬೇಕು. ಪರಿಚಿತರೆಂಬ ಕಾರಣಕ್ಕೆ ಬೇರೆಯವರ ಕೈಗೆ ಮಗುವನ್ನು ಒಪ್ಪಿಸಬಾರದು. ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸ್ ಮೂಲಕ ಪರಿಶೀಲಿಸುವುದು ಅವಶ್ಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದಾಗ ದೂರು ನೀಡದಿರುವುದು 2012ರ ಪೋಕ್ಸೊ ಕಾಯ್ದೆಯಂತೆ ಅಪರಾಧ. ಮಕ್ಕಳ ಸಹಾಯವಾಣಿ 1098 ಹಾಗೂ ಆಂಬುಲೆನ್ಸ್ 108 ಸಂಖ್ಯೆಗಳನ್ನು ಬಾಗಿಲ ಬಳಿ ದಪ್ಪ ಅಕ್ಷರದಲ್ಲಿ ಬರೆಸತಕ್ಕದ್ದು.

ಕೇಂದ್ರದ ವೇಳೆಯನ್ನು ನಿಗದಿಪಡಿಸುವ ಮುನ್ನ ಒಂದು ವಾರ ಬೆಳಗ್ಗೆ ಮತ್ತು ಸಂಜೆ ಬಸ್ ನಿಲ್ದಾಣದಲ್ಲಿ ನಿಂತು ಯಾವ ಬಸ್ಸಿಗೆ ಎಷ್ಟು ಮಂದಿ ಮಹಿಳೆಯರು ಹತ್ತುತ್ತಾರೆ, ಯಾವ ಬಸ್ಸಿನಿಂದ ಇಳಿಯುತ್ತಾರೆ ಎಂಬುದನ್ನು ಬರೆದುಕೊಳ್ಳುವುದು ಉಪಯುಕ್ತ. ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.